ಪಿಕಪ್ ಗಾಡಿಯಿಂದ ಸೀಸಿಯಂ ಪೆಟ್ಟಿಗೆ ಕದ್ದುಬಿಟ್ಟರು. ಕಳ್ಳನಿಗೆ ಅದೇನು ಅಂತ ಗೊತ್ತಿರುತ್ತಾ?

ಟೆಕ್ಸಾಸ್_ಮಣ್ಣು
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಈಗ ಟೆಕ್ಸಾಸ್‌ನಲ್ಲಿ ಮಣ್ಣು ಪರೀಕ್ಷೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಇದ್ದೇನೆ. ರೋಲರ್ ಹೊಡೆದ ಮೇಲೆ ಮಣ್ಣು ಸರಿಯಾಗಿ ಗಟ್ಟಿಯಾಗಿದೆಯಾ ಅಂತ ನೋಡುವುದು ನಮ್ಮ ಕೆಲಸ. ಅದಕ್ಕೆ ಒಂದು ಯಂತ್ರ ಇದೆ, ಇಲ್ಲಿ ನ್ಯೂಕ್ಲಿಯರ್ ಗೇಜ್ ಅಂತಾರೆ. ಒಳಗೆ 8 ಮಿಲಿಕ್ಯೂರಿ ಸೀಸಿಯಂ-137, ಜೊತೆಗೆ 40 ಮಿಲಿಕ್ಯೂರಿ ಅಮೆರಿಸಿಯಂ-ಬೆರಿಲಿಯಂ. ಎರಡೂ ವಿಕಿರಣ ಸೂಸುವ ವಸ್ತು, ಕ್ಯೂರಿ ಅಂದರೆ ಅದು ಎಷ್ಟು ಸೂಸುತ್ತದೆ ಅನ್ನುವ ಅಳತೆ. ಸೀಸಿಯಂ ಒಂದು ಸರಳಿನ ತುದಿಯಲ್ಲಿರುತ್ತದೆ, ಅದನ್ನು ಮಣ್ಣಿಗೆ ಇಳಿಸಿದರೆ ಮಣ್ಣು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಇನ್ನೊಂದರಿಂದ ಎಷ್ಟು ತೇವ ಅಂತ. ಇದನ್ನೆಲ್ಲ ಹಳದಿ ಪೆಟ್ಟಿಗೆಯಲ್ಲಿಟ್ಟು ಪಿಕಪ್ ಗಾಡಿಯ ಹಿಂದೆ ಸರಪಳಿ ಹಾಕಿ ಬೀಗ ಜಡಿದಿರುತ್ತೇವೆ.

ಹೋದ ವಾರ ನನ್ನ ಜೊತೆ ಕೆಲಸ ಮಾಡುವ ಹುಡುಗ ದೂರದ ಸೈಟ್ ಮುಗಿಸಿ ರಾತ್ರಿ ಮೋಟೆಲ್‌ನಲ್ಲಿ ಮಲಗಿದ. ಬೆಳಗ್ಗೆ ನೋಡಿದರೆ ಸರಪಳಿ ಕತ್ತರಿಸಿ ಬಿದ್ದಿದೆ, ಪೆಟ್ಟಿಗೆ ಇಲ್ಲ. ಪಕ್ಕದಲ್ಲಿದ್ದ ಗುದ್ದಲಿ, ಸುತ್ತಿಗೆ, ತಣ್ಣೀರಿನ ಡಬ್ಬವೂ ಇಲ್ಲ! ಇಲ್ಲಿ 2005ರಿಂದ ನಿಯಮ ಇದೆ, ಗಾಡಿ ಬಿಟ್ಟು ಹೋಗುವಾಗ ಎರಡು ಬೇರೆ ಬೇರೆ ತಡೆ ಇರಬೇಕು, ಅಂದರೆ ಒಂದು ಬೀಗ ಮುರಿದರೆ ಇನ್ನೊಂದು ಉಳಿದಿರಬೇಕು. ಇವನು ಒಂದೇ ಹಾಕಿದ್ದ. ಪೊಲೀಸರು ಬಂದರು, ರಾಜ್ಯದ ಆರೋಗ್ಯ ಇಲಾಖೆಯ ವಿಕಿರಣ ವಿಭಾಗಕ್ಕೆ ಆ ಕೂಡಲೇ ಫೋನ್ ಹೋಯಿತು. ಈಗ ಆಫೀಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕದ್ದವನಿಗೆ ಅದೇನು ಅಂತ ಗೊತ್ತಿದ್ದು ಕದ್ದಿರುತ್ತಾನಾ? ನಮ್ಮ ಕಡೆಯೂ ಹೀಗೆ ಆಗುತ್ತಾ? ಹೆಂಡತಿ ಬೇರೆ "ನೀವು ಅದನ್ನ ಯಾವತ್ತಾದ್ರೂ ಮನೆಗೆ ತಂದಿದ್ರಾ" ಅಂತ ಮೂರು ದಿನದಿಂದ ಕೇಳುತ್ತಿದ್ದಾಳೆ.

ಬೆಣ್ಣೆದೋಸೆ
ತಂದಿದ್ರಾ?

ಟೆಕ್ಸಾಸ್_ಮಣ್ಣು
ಒಂದೇ ಒಂದು ಸಲ. ಗ್ಯಾರೇಜ್‌ನಲ್ಲಿ ಇಟ್ಟಿದ್ದೆ. ದಯವಿಟ್ಟು ಈ ಸಾಲನ್ನು ಯಾರೂ ಅವಳಿಗೆ ತೋರಿಸಬೇಡಿ.

ಅನುಮಾನಪ್ಪ
ಇದರಲ್ಲಿ ಪ್ರಶ್ನೆ ಏನಿದೆ? ಗೊತ್ತಿದ್ದೇ ಕದ್ದಿದ್ದಾರೆ. ಡರ್ಟಿ ಬಾಂಬ್, ಅಂದರೆ ವಿಕಿರಣ ವಸ್ತು ಹರಡುವ ಬಾಂಬ್, ಅಂತ ಕೇಳಿಲ್ವಾ? ಸೀಸಿಯಂ ಅಂದರೆ ಸುಮ್ನೆ ಅಲ್ಲ. ಎಲ್ಲ ಮುಚ್ಚಿ ಹಾಕುತ್ತಾರೆ, ಪೇಪರ್‌ನಲ್ಲಿ ಒಂದು ಸಾಲೂ ಬರುವುದಿಲ್ಲ.

ಟೆಕ್ಸಾಸ್_ಮಣ್ಣು
ಮುಚ್ಚಿ ಹಾಕುವುದು ಎಲ್ಲಿ ಬಂತು ಸ್ವಾಮಿ? ಇಲ್ಲಿನ ಪರಮಾಣು ನಿಯಂತ್ರಣ ಆಯೋಗದ ವೆಬ್‌ಸೈಟ್‌ನಲ್ಲಿ ಇಂಥ ಘಟನೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಓದುತ್ತಾ ಹೋದರೆ ಒಂದೇ ಕಥೆ ಮತ್ತೆ ಮತ್ತೆ ಬರುತ್ತದೆ: ಪಿಕಪ್ ಗಾಡಿ, ರಾತ್ರಿ, ಕತ್ತರಿಸಿದ ಸರಪಳಿ.

ಗುಜರಿ_ಮಗ
ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಗುಜರಿ ಅಂಗಡಿ ಇತ್ತು ರೀ, ಹತ್ತು ವರ್ಷ ನಾನೂ ತಕ್ಕಡಿ ಹಿಡಿದಿದ್ದೇನೆ. ಕಳ್ಳನ ಲೆಕ್ಕ ನನಗೆ ಗೊತ್ತು. ಗಟ್ಟಿ ಪೆಟ್ಟಿಗೆ, ದೊಡ್ಡ ಬೀಗ, ಅಂದರೆ ಒಳಗೆ ಬೆಲೆಬಾಳುವ ಮಾಲು ಇದೆ. ಅಷ್ಟೇ ರೀ ಅವನ ವಿಚಾರ. ನೀವು ದೊಡ್ಡ ಬೀಗ ಹಾಕಿದಷ್ಟೂ ಅವನಿಗೆ ಆಸೆ ಜಾಸ್ತಿ. ತಣ್ಣೀರಿನ ಡಬ್ಬ ಕದ್ದವನು ಬಾಂಬ್ ಮಾಡುತ್ತಾನಾ?

ಅವನು ಅದನ್ನು ಎತ್ತಿಕೊಂಡು ಹೋಗುವಾಗ ಏನೂ ಆಗುವುದಿಲ್ಲ. ಅವನ ಕೈಯಿಂದ ಮಾರಾಟ ಆಗದೆ, ಕೊನೆಗೆ ತೂಕದ ಲೆಕ್ಕಕ್ಕೆ ನಮ್ಮಂಥವರ ಅಂಗಡಿಗೆ ಬರುತ್ತದಲ್ಲ, ಆಗ ನಿಜವಾದ ತಾಪತ್ರಯ. ನಮ್ಮಲ್ಲಿ ಬಂದ ಯಾವ ಡಬ್ಬವೂ ಡಬ್ಬವಾಗಿ ಉಳಿಯುವುದಿಲ್ಲ. ಅಲ್ಯೂಮಿನಿಯಂ ಬೇರೆ, ಹಿತ್ತಾಳೆ ಬೇರೆ, ಸೀಸ ಬೇರೆ. ಸುತ್ತಿಗೆ, ಇಲ್ಲದಿದ್ದರೆ ಗ್ಯಾಸ್ ಕಟರ್. ಕೈಯಲ್ಲಿ ಎತ್ತಿದಾಗ ಕಬ್ಬಿಣಕ್ಕಿಂತ ಭಾರ ಅನಿಸಿದರೆ ಸೀಸ ಇದೆ ಅಂತ ಖುಷಿ ಪಡುವವರು ನಾವು.

ಪೀಣ್ಯ_ಆರ್‌ಟಿ
ಗುಜರಿ_ಮಗ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಟೆಕ್ಸಾಸ್ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಗೇಜ್ ನಮ್ಮ ಕ್ಯಾಮೆರಾ ಮುಂದೆ ಆಟದ ಸಾಮಾನು. ನಾನು ವೆಲ್ಡಿಂಗ್ ಜಾಯಿಂಟ್‌ಗಳಿಗೆ ರೇಡಿಯೋಗ್ರಫಿ ಮಾಡುವವನು, ಅಂದರೆ ವಿಕಿರಣ ಹಾಯಿಸಿ ಒಳಗೆ ಬಿರುಕು ಇದೆಯಾ ಅಂತ ನೋಡುವವನು. ಪೈಪ್‌ಲೈನ್, ಬಾಯ್ಲರ್, ಎರಕದ ಮಾಲು. ಸೈಟ್‌ನಲ್ಲಿ ನಮ್ಮನ್ನು ಎಕ್ಸ್‌ರೇ ಪಾರ್ಟಿ ಅಂತ ಕರೆಯುತ್ತಾರೆ, ಎಲ್ಲರೂ ಮನೆಗೆ ಹೋದ ಮೇಲೆ ರಾತ್ರಿ ನಮ್ಮ ಕೆಲಸ. ಕ್ಯಾಮೆರಾ ಅಂದರೆ ಫೋಟೋ ಕ್ಯಾಮೆರಾ ಅಲ್ಲ, ಹಿಡಿ ಇರುವ ಒಂದು ದಪ್ಪ ಡಬ್ಬ. ಒಳಗೆ ಇರಿಡಿಯಂ-192. ನಿಮ್ಮದು 8 ಮಿಲಿಕ್ಯೂರಿ, ನಮ್ಮದು 50 ಕ್ಯೂರಿ ಅಂತ ಇಟ್ಟುಕೊಳ್ಳಿ. ಮಿಲಿ ಅಲ್ಲ, ಕ್ಯೂರಿ. ಆರು ಸಾವಿರ ಪಟ್ಟು!

ಸೋರ್ಸ್, ಅಂದರೆ ಆ ಇರಿಡಿಯಂ ತುಂಡು, ಹೊರಗೆ ಬಂದು ನೀವು ಒಂದು ಮೀಟರ್ ದೂರದಲ್ಲಿ ನಿಂತಿದ್ದರೆ, ಇಲ್ಲಿನ ಕೆಲಸಗಾರನಿಗೆ ವರ್ಷಕ್ಕೆ ಸರಾಸರಿ ಇಷ್ಟೇ ಅಂತ ಇಟ್ಟಿರುವ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ) ಸುಮಾರು ಐದು ನಿಮಿಷದಲ್ಲಿ ಮುಗಿಯುತ್ತದೆ. ಮುಟ್ಟಿದರೆ ಕಥೆಯೇ ಬೇರೆ.

ಮತ್ತೆ ಆ ಡಬ್ಬ ಯಾಕೆ ಅಷ್ಟು ಭಾರ ಗೊತ್ತಾ? ಎಷ್ಟೋ ಕ್ಯಾಮೆರಾಗಳಲ್ಲಿ ಕವಚಕ್ಕೆ ಹಾಕಿರುವುದು ಸೀಸ ಅಲ್ಲ, ಸತ್ವ ತೆಗೆದ ಯುರೇನಿಯಂ. ಸೀಸಕ್ಕಿಂತ ಭಾರ. ಅಣ್ಣ ಹೇಳಿದ ಹಾಗೆ ಗುಜರಿಯವರಿಗೆ ಎತ್ತಿದ ಕೂಡಲೇ ಖುಷಿ.

ಬೆಣ್ಣೆದೋಸೆ
ಇರಿಡಿಯಂ ಅಂದ್ರಲ್ಲ, ಅದೇ ಅಕ್ಕಿ ಎಳೆಯುವ ಚೊಂಬಿನ ಇರಿಡಿಯಮ್ಮಾ? ನಮ್ಮ ಮಾವನ ಕಡೆಯವರೊಬ್ಬರು ಅದರಲ್ಲಿ ಎರಡು ಎಕರೆ ಕಳಕೊಂಡರು.

ಪೀಣ್ಯ_ಆರ್‌ಟಿ
ಅಯ್ಯೋ ಅದು ಪಕ್ಕಾ ಟೋಪಿ. ಯಾವ ಚೊಂಬೂ ಅಕ್ಕಿ ಎಳೆಯುವುದಿಲ್ಲ. ಆದರೆ ನನಗೆ ಹೆದರಿಕೆ ಇರುವುದೇ ಅಲ್ಲಿ. ಇರಿಡಿಯಂ ಅಂದರೆ ಕೋಟಿ ಕೋಟಿ ಅಂತ ನಂಬಿರುವ ಜನ ಇದ್ದಾರೆ. ನಮ್ಮ ಡಬ್ಬದ ಮೇಲೆ ಅದೇ ಹೆಸರು ಬರೆದಿರುತ್ತದೆ. ಒಂದು ಸಲ ಸೈಟ್‌ನಲ್ಲಿ ವಾಚ್‌ಮನ್ ಒಬ್ಬ ಪಿಸುಪಿಸು ಅಂತ ಕೇಳಿದ, "ಸಾರ್, ಒಂದು ಚೂರು ಸಿಗುತ್ತಾ?" ನಗುವುದೋ ಅಳುವುದೋ ಹೇಳಿ.

ಕರಾವಳಿ_ಮೇಷ್ಟ್ರು
ಸ್ವಲ್ಪ ತಡೆಯಿರಿ ಮಾರಾಯ್ರೆ. ಮೊದಲು ಟೆಕ್ಸಾಸ್‌ನವರ ಮನೆಯವರಿಗೆ ಉತ್ತರ ಕೊಡುವ. ಗೇಜ್‌ನ ಸೋರ್ಸ್ ಸ್ಟೀಲ್ ಕೋಶದಲ್ಲಿ ಮುಚ್ಚಿ ಬೆಸುಗೆ ಹಾಕಿದ್ದು. ಸರಳು ಮೇಲೆ ಎಳೆದು ಬೀಗ ಹಾಕಿದ್ದರೆ ಕವಚದ ಒಳಗೇ ಇರುತ್ತದೆ. ಪಕ್ಕದಲ್ಲಿಟ್ಟ ಬಟ್ಟೆ, ಅಕ್ಕಿ, ಸೈಕಲ್ ಯಾವುದೂ ಅದರಿಂದ ವಿಕಿರಣಶೀಲ ಆಗುವುದಿಲ್ಲ. ಬಿಸಿಲಿನಲ್ಲಿಟ್ಟ ಕುರ್ಚಿ ಸೂರ್ಯ ಆಗುತ್ತದಾ? ಹಾಗೆ. ಕೋಶ ಒಡೆದು ಪುಡಿ ಹೊರಗೆ ಬಂದರೆ ಮಾತ್ರ ಅದು ಅಂಟಿಕೊಂಡು ಎಲ್ಲ ಕಡೆ ಹೋಗುವುದು.

ಹಾಗೆ ಹೋದದ್ದು ಬ್ರೆಜಿಲ್‌ನ ಗೊಯಾನಿಯಾದಲ್ಲಿ, 1987ರಲ್ಲಿ. ಖಾಲಿ ಬಿದ್ದಿದ್ದ ಆಸ್ಪತ್ರೆಯಿಂದ ಇಬ್ಬರು ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ತಲೆ ಬಿಚ್ಚಿ ತಂದು ಗುಜರಿಗೆ ಹಾಕಿದರು. ಅದರಲ್ಲಿ ಇದ್ದದ್ದು ಸೀಸಿಯಂ ಪುಡಿ, ಕತ್ತಲಲ್ಲಿ ನೀಲಿ ಹೊಳೆಯುತ್ತಿತ್ತು. ಗುಜರಿಯವನು ಚಂದ ಇದೆ ಅಂತ ನೆಂಟರಿಷ್ಟರಿಗೆಲ್ಲ ಹಂಚಿದ. ನಾಲ್ಕು ಜನ ಸತ್ತರು, ಅದರಲ್ಲಿ ಒಂದು ಆರು ವರ್ಷದ ಹುಡುಗಿ. ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಸ್ಟೇಡಿಯಂನಲ್ಲಿ ಸಾಲು ನಿಲ್ಲಿಸಿ ಪರೀಕ್ಷೆ ಮಾಡಬೇಕಾಯಿತು.

ಅನುಮಾನಪ್ಪ
ನೋಡಿ, ನಾನು ಹೇಳಿದ್ದೂ ಅದೇ ತಾನೆ. ಸೀಸಿಯಂ ಅಪಾಯ.

ಕರಾವಳಿ_ಮೇಷ್ಟ್ರು
ನೀವು ಹೇಳಿದ್ದು ಭಯೋತ್ಪಾದಕರು ಅಂತ. ನಾನು ಹೇಳಿದ್ದು ಗುಜರಿ. ಎರಡೂ ಒಂದೇ ಅಲ್ಲ. ಅಲ್ಲಿದ್ದದ್ದು 1,375 ಕ್ಯೂರಿ, ಇವರ ಗೇಜ್‌ನಲ್ಲಿರುವುದು ಒಂದು ಕ್ಯೂರಿಯ ನೂರನೇ ಒಂದು ಭಾಗವೂ ಅಲ್ಲ. ಅಂತರರಾಷ್ಟ್ರೀಯ ಪರಮಾಣು ಸಂಸ್ಥೆಯವರು ಸೋರ್ಸ್‌ಗಳಿಗೆ ಒಂದರಿಂದ ಐದು ದರ್ಜೆ ಕೊಡುತ್ತಾರೆ, ಒಂದು ತುಂಬಾ ಅಪಾಯದ್ದು. ಪೀಣ್ಯದವರ ಕ್ಯಾಮೆರಾ ಎರಡನೆಯದ್ದು. ಈ ಗೇಜ್ ನಾಲ್ಕನೆಯದ್ದು. ಹಾಗಂತ ಕೋಶವನ್ನು ಕಿಸೆಯಲ್ಲಿ ಹಾಕಿಕೊಳ್ಳಿ ಅಂತ ಅಲ್ಲ.

ನರ್ಸಮ್ಮ_ಶಿವಮೊಗ್ಗ
ಕಿಸೆ ಅಂದಿದ್ದಕ್ಕೆ ಹೇಳುತ್ತೇನೆ. ಕೋರ್ಸ್‌ನಲ್ಲಿ ನಮಗೆ ಪೆರು ದೇಶದ ಕೇಸ್ ಪಾಠ ಮಾಡಿದ್ದರು. 1999, ಯಾನಾಂಗೋ ಅನ್ನುವ ಕಡೆ ಜಲವಿದ್ಯುತ್ ಸ್ಥಾವರ. ರೇಡಿಯೋಗ್ರಫಿ ಸೋರ್ಸ್ ಕೆಳಗೆ ಬಿದ್ದಿತ್ತು, ವೆಲ್ಡರ್ ಒಬ್ಬ ಏನೋ ಲೋಹದ ತುಂಡು ಅಂತ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಕೆಲಸ ಮುಗಿಸಿ ಮನೆಗೂ ಹೋದ. ತೊಡೆ ನೋಯುತ್ತದೆ ಅಂತ ಡಾಕ್ಟರ್ ಹತ್ತಿರ ಹೋದರೆ ಹುಳ ಕಚ್ಚಿರಬೇಕು ಅಂದರಂತೆ. ಕೊನೆಗೆ ಕಾಲನ್ನೇ ತೆಗೆಯಬೇಕಾಯಿತು. ಅವನು ಕಳ್ಳ ಕೂಡ ಅಲ್ಲ ಪಾಪ.

ಈಜಿಪ್ಟಿನಲ್ಲಿ 2000ದಲ್ಲಿ ಇನ್ನೂ ಕೆಟ್ಟದಾಯಿತು. ಮಿತ್ ಹಲ್ಫಾ ಅನ್ನುವ ಹಳ್ಳಿಯ ರೈತನಿಗೆ ಇಂಥದ್ದೇ ಇರಿಡಿಯಂ ತುಂಡು ಸಿಕ್ಕಿತು, ಬೆಲೆಬಾಳುತ್ತದೆ ಅಂದುಕೊಂಡು ಮನೆಯಲ್ಲಿಟ್ಟ. ಅವನೂ ಸತ್ತ, ಒಂಬತ್ತು ವರ್ಷದ ಮಗನೂ ಸತ್ತ. ಇಂಥ ಗಾಯ ಮೊದಲು ಬರೀ ಕೆಂಪಗೆ ಕಾಣುತ್ತದೆ, ಬೊಬ್ಬೆ ಏಳುವುದಕ್ಕೆ ದಿನಗಳು ಬೇಕು. ನೋವಾಗುವ ಹೊತ್ತಿಗೆ ಜೇಬಿನಲ್ಲಿದ್ದದ್ದು ಯಾರಿಗೂ ನೆನಪಿರುವುದಿಲ್ಲ.

ಬೆಣ್ಣೆದೋಸೆ
ಇನ್ನು ಮೇಲೆ ರಸ್ತೆಯಲ್ಲಿ ಐದು ರೂಪಾಯಿ ಸಿಕ್ಕರೂ ಎತ್ತುವುದಿಲ್ಲ.

ಹೈವೇ_ಸೈಟ್
ನಾನು ಚಿತ್ರದುರ್ಗದ ಕಡೆ ರಸ್ತೆ ಕೆಲಸದಲ್ಲಿ ಇದ್ದವನು. ನಮ್ಮಲ್ಲಿ ಈ ಗೇಜ್ ನಾನು ನೋಡಿದ್ದೇ ಅಪರೂಪ. ಗುಂಡಿ ತೋಡಿ, ಮಣ್ಣು ತೂಗಿ, ಆ ಗುಂಡಿಗೆ ಮರಳು ಸುರಿದು ಅಳೆಯುವುದು, ಅಷ್ಟೇ. ಒಂದು ಟೆಸ್ಟ್‌ಗೆ ಅರ್ಧ ಗಂಟೆ, ಬಿಸಿಲಲ್ಲಿ ಬೆನ್ನು ಹೋಗುತ್ತದೆ. ಆದರೆ ನಮ್ಮ ಮರಳಿನ ಡಬ್ಬ ಕದ್ದರೆ ಕಳ್ಳನಿಗೆ ಮರಳು ಸಿಗುತ್ತದೆ, ಸರ್ಕಾರಕ್ಕೆ ಫೋನ್ ಮಾಡಬೇಕಿಲ್ಲ.

ಟೆಕ್ಸಾಸ್_ಮಣ್ಣು
ಹ್ಹಹ್ಹ. ನಿಜ ಹೇಳಬೇಕೆಂದರೆ ಇಲ್ಲೂ ಈಗ ವಿಕಿರಣ ಇಲ್ಲದ ಗೇಜ್ ಬಂದಿವೆ. ಆದರೆ ನಮ್ಮ ಇಂಜಿನಿಯರ್‌ಗಳಿಗೆ ಹಳೆಯದರ ಮೇಲೇ ನಂಬಿಕೆ. ಒಂದು ನಿಮಿಷದಲ್ಲಿ ರೀಡಿಂಗ್ ಬರುತ್ತದೆ, ಯಾರು ಬಿಡುತ್ತಾರೆ?

ಪರ್ತ್_ಕನ್ನಡಿಗ
ನಮ್ಮಲ್ಲಿ 2023ರ ಜನವರಿಯಲ್ಲಿ ಆಗಿದ್ದು ನೆನಪಿದೆಯಾ? ಕಳ್ಳತನ ಅಲ್ಲ, ಕಳೆದು ಹೋಗಿದ್ದು. ನ್ಯೂಮನ್ ಕಡೆಯ ಗಣಿಯಿಂದ ಪರ್ತ್‌ಗೆ ಲಾರಿಯಲ್ಲಿ ಒಂದು ಗೇಜ್ ತರುತ್ತಿದ್ದರು. ದಾರಿಯಲ್ಲಿ ಗಾಡಿ ಅಲುಗಾಡಿ ಬೋಲ್ಟ್ ಸಡಿಲವಾಗಿ ಒಳಗಿನ ಸೀಸಿಯಂ ಕೋಶ ರಸ್ತೆಗೆ ಉದುರಿಬಿಟ್ಟಿತ್ತು. 8 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ದಪ್ಪ. ಹೆಸರುಕಾಳಿಗಿಂತ ಒಂಚೂರು ದೊಡ್ಡದು. ಹುಡುಕಬೇಕಾದ ದಾರಿ 1,400 ಕಿಲೋಮೀಟರ್. ನನ್ನ ಅಮ್ಮ ಫೋನ್ ಮಾಡಿ "ನೀನು ಹೊರಗೆ ಹೋಗ್ಬೇಡ" ಅಂದಿದ್ದಳು. ಕೊನೆಗೆ ಫೆಬ್ರವರಿ 1ಕ್ಕೆ ರಸ್ತೆಯ ಪಕ್ಕ ಎರಡು ಮೀಟರ್ ದೂರದಲ್ಲಿ ಸಿಕ್ಕಿತು, ಪತ್ತೆ ಯಂತ್ರ ಕಟ್ಟಿದ್ದ ಗಾಡಿ 70 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ. ಆಗ ಇಲ್ಲಿನ ಕಾನೂನಿನಲ್ಲಿ ಅದಕ್ಕಿದ್ದ ಗರಿಷ್ಠ ದಂಡ ಎಷ್ಟು ಗೊತ್ತಾ? ಸಾವಿರ ಡಾಲರ್. 1975ರ ಕಾನೂನು.

ಗುಜರಿ_ಮಗ
ಸಾವಿರ ಡಾಲರ್‌ಗೆ ಒಳ್ಳೆಯ ಬೀಗವೇ ಹತ್ತು ಬರುತ್ತವೆ ರೀ.

ಅನುಮಾನಪ್ಪ
ಸರಿ, ಬಸ್ರಾದ್ದಕ್ಕೆ ಏನಂತೀರಿ? 2015ರ ನವೆಂಬರ್, ಇರಾಕ್. ತೈಲ ಕಂಪನಿಗಳ ಉಗ್ರಾಣದಿಂದ ಇರಿಡಿಯಂ ಕ್ಯಾಮೆರಾ ಮಾಯ. ಲ್ಯಾಪ್‌ಟಾಪ್ ಗಾತ್ರದ ಪೆಟ್ಟಿಗೆ. ಆಗ ಐಸಿಸ್ ಉಗ್ರರು ಆ ದೇಶದಲ್ಲೇ ಇದ್ದರು. ಅದೂ ಗುಜರಿಗಾ?

ಪೀಣ್ಯ_ಆರ್‌ಟಿ
ಅದು ಮೂರು ತಿಂಗಳಾದ ಮೇಲೆ ಜುಬೈರ್‌ನಲ್ಲಿ ಪೆಟ್ರೋಲ್ ಬಂಕ್ ಪಕ್ಕ ಬಿದ್ದಿದ್ದು ಸಿಕ್ಕಿತಲ್ಲ ಸಾರ್. ಡಬ್ಬಕ್ಕೆ ಏನೂ ಆಗಿರಲಿಲ್ಲ. ಯಾರೋ ಹೊತ್ತುಕೊಂಡು ಹೋಗಿ, ಏನು ಮಾಡಬೇಕೋ ತಿಳಿಯದೆ ಎಸೆದು ಹೋಗಿದ್ದಾರೆ ಅಂತ ನನಗನಿಸುತ್ತದೆ.

ಬೆಣ್ಣೆದೋಸೆ
ಮೂರು ತಿಂಗಳು ಅಂದರೆ ಆಗಲೇ ಎಕ್ಸ್‌ಪೈರಿ ಆಗಿರುತ್ತೆ. ಇರಿಡಿಯಂ 74 ದಿನಕ್ಕೆ ಖಾಲಿ ಅಂತ ಎಲ್ಲೋ ಓದಿದ್ದೆ.

ಕರಾವಳಿ_ಮೇಷ್ಟ್ರು
ಈ ತಪ್ಪಿಗೆ ನಾನು ಪರೀಕ್ಷೆಯಲ್ಲಿ ಸೊನ್ನೆ ಕೊಡುತ್ತೇನೆ. 74 ದಿನಕ್ಕೆ ಅರ್ಧ ಆಗುತ್ತದೆ, ಖಾಲಿ ಅಲ್ಲ. ಇನ್ನೊಂದು 74 ದಿನಕ್ಕೆ ಕಾಲು. ಮೂರು ತಿಂಗಳಾದ ಮೇಲೂ ನೂರರಲ್ಲಿ ನಲವತ್ತಕ್ಕಿಂತ ಜಾಸ್ತಿ ಉಳಿದಿರುತ್ತದೆ. ಸೀಸಿಯಂಗೆ ಅರ್ಧ ಆಗಲು 30 ವರ್ಷ. ಇವರ ಗೇಜ್‌ನ ಅಮೆರಿಸಿಯಂಗೆ 432 ವರ್ಷ. ವಿಜಯನಗರದ ಕಾಲದಲ್ಲಿ ಕದ್ದಿದ್ದರೆ ಈಗ ಅರ್ಧ ಉಳಿದಿರುತ್ತಿತ್ತು.

ಬೆಣ್ಣೆದೋಸೆ
ಸೊನ್ನೆ ಸ್ವೀಕರಿಸಲಾಗಿದೆ ಸಾರ್.

ಅನುಮಾನಪ್ಪ
ಒಪ್ಪುತ್ತೇನೆ, ಬಸ್ರಾದ್ದು ಹಾಗೆ ಇರಬಹುದು. ಆದರೆ ಎಲ್ಲ ಸಲವೂ ಅದೃಷ್ಟ ಇರುವುದಿಲ್ಲ.

ನರ್ಸಮ್ಮ_ಶಿವಮೊಗ್ಗ
ಆ ಮಾತು ಸರಿ. ಮೆಕ್ಸಿಕೋದಲ್ಲಿ 2013ರ ಡಿಸೆಂಬರ್‌ನಲ್ಲಿ ಕಳ್ಳರಿಗೆ ಬೇಕಾಗಿದ್ದು ಕ್ರೇನ್ ಇದ್ದ ಲಾರಿ. ಟೆಪೊಹಾಕೊ ಅನ್ನುವಲ್ಲಿ ಪೆಟ್ರೋಲ್ ಬಂಕ್ ಹತ್ತಿರ ನಿಂತಿದ್ದನ್ನು ಹೊಡೆದುಕೊಂಡು ಹೋದರು. ಅದರಲ್ಲಿ ಇದ್ದದ್ದು ಟಿಹ್ವಾನಾದ ಆಸ್ಪತ್ರೆಯ ಹಳೆಯ ಕ್ಯಾನ್ಸರ್ ಯಂತ್ರದ ವಿಕಿರಣ ಸೂಸುವ ಕೋಬಾಲ್ಟ್, ಸುಮಾರು 3,000 ಕ್ಯೂರಿ. ಎರಡು ದಿನದ ಮೇಲೆ ಹೊಲದಲ್ಲಿ ಸಿಕ್ಕಿತು, ಕವಚದಿಂದ ಹೊರಗೆ ತೆಗೆದಿದ್ದರು. ಯಾರಿಗೂ ಬೇಡವಾದ ಸಾಮಾನು ಎಷ್ಟು ಸಲೀಸಾಗಿ ಕೈ ಬದಲಾಗುತ್ತದೆ ನೋಡಿ.

ಗುಜರಿ_ಮಗ
ದೂರದ್ದು ಯಾಕೆ, ನಮ್ಮ ದೆಹಲಿಯ ಮಾಯಾಪುರಿಯನ್ನೇ ನೋಡಿ. 2010. ವಿಶ್ವವಿದ್ಯಾಲಯದವರು 1985ರಿಂದ ಬಳಸದೆ ಬಿಟ್ಟಿದ್ದ ಗಾಮಾ ಯಂತ್ರವನ್ನು ಹರಾಜಿನಲ್ಲಿ ಗುಜರಿಗೆ ಮಾರಿದರು. ಕಳ್ಳತನವೂ ಇಲ್ಲ, ರಸೀದಿ ಸಮೇತ! ಬಿಚ್ಚಿದ ಕೆಲಸಗಾರರಿಗೆ ಕೋಬಾಲ್ಟ್ ತಗುಲಿತು, ಒಬ್ಬ ಸತ್ತ. ಆ ಸುದ್ದಿ ಬಂದ ದಿನ ನಮ್ಮಪ್ಪ ಅಂಗಡಿಯ ಹಿಂದಿನ ರಾಶಿಯನ್ನೆಲ್ಲ ಕೋಲಿನಿಂದ ತಿರುವಿ ತಿರುವಿ ನೋಡಿದ್ದ. ಕೋಲಿನಿಂದ ಏನು ಗೊತ್ತಾಗುತ್ತದೆ ರೀ? ನನಗೆ ಆಗ ನಗು ಬಂದಿತ್ತು, ಈಗ ಬರುವುದಿಲ್ಲ.

ಆಂಧ್ರದ ರಾಜಮಹೇಂದ್ರವರಂನಲ್ಲಿ 2019ರಲ್ಲಿ ತೈಲ ಬಾವಿಗೆ ಬಳಸುವ ಸೀಸಿಯಂ ಡಬ್ಬ ಕಳುವಾಗಿತ್ತಲ್ಲ, ಅದು ಸಿಕ್ಕಿದ್ದೆಲ್ಲಿ? ಕೃಷ್ಣಾ ಜಿಲ್ಲೆಯ ಗುಜರಿ ಅಂಗಡಿಯಲ್ಲಿ. ಹಾಗಾಗಿ ಟೆಕ್ಸಾಸ್ ಅಣ್ಣಾ, ನಮ್ಮ ಕಡೆ ಆಗುತ್ತಾ ಅಂತ ಕೇಳಿದ್ರಲ್ಲ, ಆಗುತ್ತೆ ರೀ.

ಹೈವೇ_ಸೈಟ್
ಡಬ್ಬದ ಮೇಲೆ ಗುರುತು ಇರುತ್ತದಲ್ವಾ, ಹಳದಿ ಮೇಲೆ ಮೂರು ರೆಕ್ಕೆ? ನೋಡಿ ಬಿಟ್ಟು ಹೋಗಬಹುದಲ್ಲ?

ಗುಜರಿ_ಮಗ
ನಮ್ಮ ಹುಡುಗರು ಅದನ್ನು ಫ್ಯಾನ್ ಗುರುತು ಅಂತಿದ್ದರು. ಮೋಟರ್ ಇರಬೇಕು, ತಾಮ್ರ ಸಿಗುತ್ತದೆ ಅಂತ.

ಕರಾವಳಿ_ಮೇಷ್ಟ್ರು
ನಗಬೇಡಿ, ಇದು ಇಡೀ ಪ್ರಪಂಚದ ಕಥೆ. ಅದಕ್ಕೇ 2007ರಲ್ಲಿ ಇನ್ನೊಂದು ಗುರುತು ತಂದರು. ಕೆಂಪು ತ್ರಿಕೋನ, ಅದೇ ಮೂರು ರೆಕ್ಕೆಯಿಂದ ಕಿರಣ ಇಳಿಯುತ್ತಿದೆ, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡುತ್ತಿರುವ ಮನುಷ್ಯ. 11 ದೇಶಗಳ 1,650 ಜನರಿಗೆ ತೋರಿಸಿ ಆರಿಸಿದ್ದು, ಭಾರತವೂ ಅದರಲ್ಲಿತ್ತು. ಅದನ್ನು ಡಬ್ಬದ ಹೊರಗೆ ಹಾಕುವುದಿಲ್ಲ, ಬಿಚ್ಚಲು ಹೊರಟವನಿಗೆ ಒಳಗೆ ಕಾಣುವ ಹಾಗೆ ಹಾಕುತ್ತಾರೆ. ದೊಡ್ಡ ಸೋರ್ಸ್‌ಗಳಿಗೆ ಮಾತ್ರ.

ಪೀಣ್ಯ_ಆರ್‌ಟಿ
ಗುರುತು ಎಲ್ಲ ಇರಲಿ ಸಾರ್, ನಾನು ಕಂಡಿದ್ದು ಹೇಳುತ್ತೇನೆ. ಕ್ಯಾಮೆರಾ ಇಡುವುದಕ್ಕೆ ಪಿಟ್, ಅಂದರೆ ನೆಲದಲ್ಲಿ ಗುಂಡಿ, ಇರುವ ಬೀಗದ ರೂಮ್ ಬೇಕು, ರಿಜಿಸ್ಟರ್‌ನಲ್ಲಿ ಹೋಗಿದ್ದು ಬಂದಿದ್ದು ಬರೆಯಬೇಕು, ಮೀಟರ್ ಇಟ್ಟು ನೋಡಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರ ನಿಯಮ ಬಿಗಿಯಾಗಿಯೇ ಇದೆ. ಆದರೆ ನಾನು ಮೊದಲು ಇದ್ದ ಕಡೆ, ಹೆಸರು ಬೇಡ, ರಾತ್ರಿ ಎರಡು ಗಂಟೆಗೆ ಕೆಲಸ ಮುಗಿದಾಗ ಡ್ರೈವರ್‌ಗೆ ನಿದ್ದೆ. ಪಿಟ್ ರೂಮ್ ನಲವತ್ತು ಕಿಲೋಮೀಟರ್ ದೂರ. "ಗಾಡಿಯಲ್ಲೇ ಇರಲಿ ಬಿಡು, ಯಾರು ಮುಟ್ಟುತ್ತಾರೆ" ಅಂತ ಸೂಪರ್‌ವೈಸರ್. ನಾನು ಆ ರಾತ್ರಿ ಗಾಡಿ ಕಾಣುವ ಹಾಗೆ ಢಾಬಾದ ಮಂಚದ ಮೇಲೆ ಕೂತು ಬೆಳಗು ಮಾಡಿದೆ. ಮೂರು ಟೀ, ಒಂದು ಎಗ್ ಬುರ್ಜಿ. ಅದರ ಬಿಲ್ ಕೂಡ ಕಂಪನಿ ಕೊಡಲಿಲ್ಲ!

ನಿಮ್ಮ ಹುಡುಗನ ಮೇಲೆ ಎಲ್ಲರೂ ಕೂಗಾಡುತ್ತಿರಬಹುದು. ಅವನು ಒಂದೇ ಬೀಗ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ದಿನ ಗಾಡಿ ಓಡಿಸಿ ಬಂದವನು ಮೋಟೆಲ್‌ನಲ್ಲಿ ಆ ಪೆಟ್ಟಿಗೆ ಎಲ್ಲಿಡಬೇಕು ಅಂತ ನಿಮ್ಮ ಆಫೀಸು ಮೊದಲೇ ಯೋಚನೆ ಮಾಡಿತ್ತಾ?

ಟೆಕ್ಸಾಸ್_ಮಣ್ಣು
ಇಲ್ಲ. ಎರಡನೇ ಸರಪಳಿ ಬೇಕು ಅಂತ ಅವನು ಎರಡು ತಿಂಗಳ ಹಿಂದೆ ಕೇಳಿದ್ದ. ಮೊದಲನೇ ಪೋಸ್ಟ್‌ನಲ್ಲಿ ನಾನು ಅದನ್ನು ಬರೆಯಲಿಲ್ಲ. ಸಾಮಾನು ತರಿಸುವ ಜವಾಬ್ದಾರಿ ನನ್ನದೇ ಆಗಿತ್ತು.

ಬೆಣ್ಣೆದೋಸೆ
ಓಹ್.

ನರ್ಸಮ್ಮ_ಶಿವಮೊಗ್ಗ
ಅದನ್ನು ಇಲ್ಲಿ ಬರೆದಿರಲ್ಲ, ಆಫೀಸಿನಲ್ಲೂ ಹೇಳಿದ್ದೀರಾ ಅಣ್ಣಾ?

ಟೆಕ್ಸಾಸ್_ಮಣ್ಣು
ನಾಳೆ ಹೇಳುತ್ತೇನೆ.

ಅನುಮಾನಪ್ಪ
ನಾಳೆ ಅಲ್ಲ, ಈಗ ಹೇಳಿ. ಆ ಹುಡುಗನ ಕೆಲಸ ಹೋದ ಮೇಲೆ ಹೇಳಿ ಏನು ಪ್ರಯೋಜನ?

ಪೀಣ್ಯ_ಆರ್‌ಟಿ
ಈ ಸಲ ಅನುಮಾನಪ್ಪನವರ ಜೊತೆ ನಾನೂ ಇದ್ದೇನೆ.

ಹೈವೇ_ಸೈಟ್
ವಿಷಯ ಬಿಟ್ಟು ಒಂದು ಮಾತು: ಪೀಣ್ಯ ಬ್ರದರ್, ರೇಡಿಯೋಗ್ರಫಿ ಕೋರ್ಸ್ ಎಲ್ಲಿ ಮಾಡಿದ್ದು? ನನ್ನ ತಮ್ಮ ಐಟಿಐ ಮುಗಿಸಿದ್ದಾನೆ.

ಪೀಣ್ಯ_ಆರ್‌ಟಿ
ಮೆಸೇಜ್ ಮಾಡಿ. ಆದರೆ ಮೊದಲು ಅವನಿಗೆ ರಾತ್ರಿ ನಿದ್ದೆಗೆಡುವುದು ಅಭ್ಯಾಸ ಇದೆಯಾ ಕೇಳಿ.

ಟೆಕ್ಸಾಸ್_ಮಣ್ಣು
ನಾಲ್ಕು ದಿನ ಆಯಿತು, ಹೊಸ ಸುದ್ದಿ ಇದೆ. ಬಾಸ್‌ಗೆ ಸರಪಳಿ ವಿಷಯ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ, ಹುಡುಗನ ಕೆಲಸ ಉಳಿದಿದೆ.

ಗೇಜ್ ಸಿಕ್ಕಿದೆ! ಟೈರ್ ಅಂಗಡಿಯೊಂದರ ಹಿಂದೆ ಚರಂಡಿ ಪಕ್ಕ. ಅಂಗಡಿಯವನು ಪೆಟ್ಟಿಗೆ ಮೇಲಿದ್ದ ನಮ್ಮ ನಂಬರ್‌ಗೆ ಫೋನ್ ಮಾಡಿದ. ಪೆಟ್ಟಿಗೆಯ ಬೀಗ ಒಡೆದಿದ್ದರು, ಗೇಜ್ ಹಿಡಿಯ ಬೀಗ ಹಾಗೇ ಇತ್ತು, ಸರಳು ಒಳಗೇ ಇತ್ತು. ಇಲಾಖೆಯವರು ಮೀಟರ್ ಹಿಡಿದು ನೋಡಿದರು, ಏನೂ ಸೋರಿಲ್ಲ. ಹತ್ತಿಯಿಂದ ಒರೆಸಿ ಲ್ಯಾಬ್‌ಗೂ ಕಳಿಸಿದ್ದೇವೆ, ಅದರ ಉತ್ತರ ಬರುವವರೆಗೆ ಬಳಸುವ ಹಾಗಿಲ್ಲ.

ಗುಜರಿ_ಮಗ
ಒಳ್ಳೆಯದಾಯಿತು ರೀ. ಕಳ್ಳ ಏನು ಇಟ್ಟುಕೊಂಡ?

ಟೆಕ್ಸಾಸ್_ಮಣ್ಣು
ಚಾರ್ಜರ್. ಮತ್ತೆ ನೀರಿನ ಡಬ್ಬ.